ಹತ್ತು ಗ್ರಾಮಿನೊಳಗೆ ಇಡೀ ತೋಟ

ಬಬಲೇಶ್ವರ ತಾಲ್ಲೂಕು, ಪಕ್ಕದ ತಿಕೋಟಾ ಎರಡೂ ದ್ರಾಕ್ಷಿ ಸೀಮೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದರೆ ಡೌನಿ ರೋಗಕ್ಕೊಂದು, ಬೂದಿರೋಗಕ್ಕೊಂದು ಔಷಧ ಹೊಡೆಯಲೇಬೇಕು. ಹಣ್ಣಿನಲ್ಲಿ ಉಳಿದ ಔಷಧದ ಲೆಕ್ಕ ಕೇಳುವುದು ಪ್ರಯೋಗಾಲಯ.

2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಡೆಹಿಡಿಯಲ್ಪಟ್ಟಿತ್ತು. ಬಳ್ಳಿಯ ಬೆಳವಣಿಗೆ ಹಿಡಿದಿಡುವ ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್, ಹಣ್ಣಿನಲ್ಲಿ ಮಿತಿ ಮೀರಿ ಉಳಿದಿತ್ತು. ಬೇರೆ ಮಿತಿ ಗೊತ್ತುಪಡಿಸದ ಔಷಧಗಳಿಗೆ ಅಲ್ಲಿನ ಕಟ್ಟು ಕಿಲೋಗೆ 0.01 ಮಿಲಿಗ್ರಾಂ. ಹತ್ತು ಟನ್ನಿನ ಹತ್ತು ಲಾರಿ ಹಣ್ಣಿಗೆ ಒಟ್ಟು ಒಂದೇ ಗ್ರಾಂ!

ಇಷ್ಟು ಸೂಕ್ಷ್ಮವನ್ನು ಅಳೆಯುವುದು ಎಷ್ಟು ಹಣ್ಣಿನಲ್ಲಿ? ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ರೂಪಿಸಿದ ವಿಧಾನದಲ್ಲಿ 10 ಗ್ರಾಂ ಸಾಕು. ಆದರೆ ಎಲೆಯ ಮರೆಯ ಗೊನೆಗೂ ಹೊರಗಿನ ಗೊನೆಗೂ ಔಷಧ ಸಮನಾಗಿ ತಾಗಿರುವುದಿಲ್ಲ. ಹಾಗಾಗಿ ಹಲವು ಬಳ್ಳಿಗಳ ಹಣ್ಣು ಕೂಡಿಸಿ, ಸಿಪ್ಪೆ, ತಿರುಳು, ರಸ ಒಂದಾಗುವವರೆಗೆ ರುಬ್ಬಬೇಕು. ಅರೆಬರೆ ರುಬ್ಬಿದರೆ ಯಂತ್ರ ಕೋಟಿಯದಾದರೂ ವರದಿ ಸುಳ್ಳು.

ರುಬ್ಬುವುದರಲ್ಲೂ ಒಂದು ಒಗಟಿದೆ. ಎಂ-45 ಎಂದು ರೈತರು ಬಲ್ಲ ಮ್ಯಾಂಕೋಜೆಬ್, ಹುಳಿರಸ ತಾಗಿದರೆ ಒಡೆದುಹೋಗುತ್ತದೆ. ಹೊಡೆದದ್ದು ನಿಜ, ವರದಿಯಲ್ಲಿ ಇಲ್ಲ! ಆದ್ದರಿಂದ ಆ ಪರೀಕ್ಷೆಗೆ ಹಣ್ಣನ್ನು ರುಬ್ಬದೆ ಬೇರೆಯೇ ತೆಗೆದಿಡುತ್ತಾರೆ. ಒಣದ್ರಾಕ್ಷಿ ಅಂಟು, ನೀರು ಬೆರೆಸಿಯೋ, ಒಣ ಮಂಜುಗಡ್ಡೆಯಲ್ಲಿ ಗಡಸು ಮಾಡಿಯೋ ಅರೆಯಬೇಕು. ಒಣ ಮಂಜುಗಡ್ಡೆ ಬಳಸುವಾಗ ಮುಚ್ಚಳ ಬಿಗಿದರೆ ಅದರಿಂದ ಏಳುವ ಅನಿಲ ಮುಚ್ಚಳವನ್ನೇ ಹಾರಿಸೀತು. ರುಬ್ಬಿದ ಹಣ್ಣಿನಿಂದ ಔಷಧ ಸೆಳೆಯಲು ಬಳಸುವ ದ್ರಾವಕ ಈಥೈಲ್ ಅಸಿಟೇಟ್ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಗಾಳಿ ಹೊರಹಾಕುವ ಕಪಾಟಿನಲ್ಲೇ ಕೆಲಸ.

ಒಬ್ಬರ ತೋಟದ ಔಷಧ ಇನ್ನೊಬ್ಬರ ತಲೆಗೆ ಬರಬಾರದಲ್ಲ? ಪ್ರತಿ ಮಾದರಿಯ ನಂತರ ಜಾರು, ಬ್ಲೇಡು, ಮುಚ್ಚಳದ ರಬ್ಬರು ಬಿಚ್ಚಿ ತೊಳೆಯಬೇಕು. ನಡುನಡುವೆ ಔಷಧ ಕಾಣದ ಹಣ್ಣು ರುಬ್ಬಿ, ಅದರಲ್ಲಿ ಏನೂ ಸಿಗದಿದ್ದರೆ ಮಾತ್ರ ಪಾತ್ರೆ ಶುದ್ಧ ಎಂದು ನಂಬಬೇಕು.

ಈ ಶುಚಿ ಶುರುವಾಗುವುದು ತೋಟದಲ್ಲೇ. ಔಷಧ ಕಲಸಿದ ಕೈಯಿಂದ ಗೊನೆ ಕೀಳಬೇಡಿ, ಗೊಬ್ಬರದ ಹಳೆ ಚೀಲದಲ್ಲಿ ಮಾದರಿ ಕಳಿಸಬೇಡಿ, ಚಲೋ ಗೊನೆಯನ್ನೇ ಆರಿಸಬೇಡಿ. ಪ್ರಯೋಗಾಲಯ ನೀವು ಕೊಟ್ಟದ್ದನ್ನಷ್ಟೇ ಅಳೆಯಬಲ್ಲದು.