ಮೂರು ಕಾಗದದ ತಾಳೆ

ದುಬೈಯ ಕರಾಮಾ, ಬರ್ ದುಬೈ, ದೇರಾ ಕಡೆ ಓಡಾಡಿದವರಿಗೆ ಟೈಪಿಂಗ್ ಸೆಂಟರಿನ ಬೋರ್ಡು ಹೊಸದಲ್ಲ. ಒಂದು ಕೌಂಟರು, ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಶೀನು, ಕಾಯುವವರಿಗೆ ಗೋಡೆಗೆ ಒತ್ತಿಟ್ಟ ನಾಲ್ಕು ಕುರ್ಚಿ. ಒಳಗೆ ಕೂತವರಲ್ಲಿ ಮಲಯಾಳಿಗಳು ಹೆಚ್ಚು. ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರೂ ಸಿಗುತ್ತಾರೆ. ಕಂಪನಿಗಳಲ್ಲಿ ಈ ಕೆಲಸ ಮಾಡುವವರಿಗೆ ಪಿಆರ್‌ಒ ಅನ್ನುತ್ತಾರೆ, ಅರಬ್ಬರ ಬಾಯಲ್ಲಿ ಮಂದೂಬ್. ಒಬ್ಬನ ದುಡಿಮೆ ನಿಜವಾದದ್ದು ಎಂಬುದನ್ನು, ಅವನ ಮುಖವನ್ನೇ ನೋಡದ ಅಧಿಕಾರಿಗೆ, ಬರೀ ಕಾಗದಗಳಿಂದ ಮನವರಿಕೆ ಮಾಡಿಕೊಡುವುದು ಇವರ ಕಸುಬು. ನನಗೆ ಈ ಕಸುಬಿನ ಮೇಲೆ ಬಹಳ ಗೌರವ. ಗಂಡ ಹೆಂಡತಿ ಒಂದೇ ಸೂರಿನಡಿ ಇರುವುದು ಎಷ್ಟೋ ಸಲ ಇವರ ಎಚ್ಚರದ ಮೇಲೆ ನಿಂತಿರುತ್ತದೆ.

ಯುಎಇಗೆ ಹೆಂಡತಿಯನ್ನು ಕರೆಸಿಕೊಳ್ಳುವ ಫೈಲು ಇದರ ಮೊದಲ ಪಾಠ. ಸಂಬಳ 4,000 ದಿರ್ಹಂ ಇರಬೇಕು, ಇಲ್ಲವೇ 3,000 ದಿರ್ಹಂ ಮತ್ತು ಕಂಪನಿ ಕೊಟ್ಟ ಮನೆ. 2019ಕ್ಕಿಂತ ಮುಂಚೆ ವೀಸಾದಲ್ಲಿ ನಮೂದಾದ ಹುದ್ದೆಯನ್ನೂ ನೋಡುತ್ತಿದ್ದರು. ಆ ವರ್ಷ ಸಚಿವ ಸಂಪುಟ ಹುದ್ದೆಯ ಷರತ್ತನ್ನು ಕೈಬಿಟ್ಟು ಆದಾಯವನ್ನಷ್ಟೇ ಉಳಿಸಿಕೊಂಡಿತು. ಆದಾಯ ತೋರಿಸುವುದು ಸುಲಭವಾದದ್ದಕ್ಕೂ ಒಂದು ಹಿನ್ನೆಲೆ ಇದೆ. 2009ರಲ್ಲಿ ಡಬ್ಲ್ಯುಪಿಎಸ್ ಎಂಬ ವೇತನ ಸಂರಕ್ಷಣಾ ವ್ಯವಸ್ಥೆ ಬಂದು, ಸಂಬಳ ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಮೂಲಕವೇ ಆಗಬೇಕೆಂದಾಯಿತು. ಅಲ್ಲಿಂದಾಚೆ ಪ್ರತಿ ತಿಂಗಳ ಸಂಬಳಕ್ಕೂ ಒಂದು ಗುರುತು ಉಳಿಯತೊಡಗಿತು. ಮನೆ ಬಾಡಿಗೆಯ ಕರಾರಿಗೆ ದುಬೈಯಲ್ಲಿ ಇಜಾರಿ, ಅಬುಧಾಬಿಯಲ್ಲಿ ತೌತೀಕ್ ನೋಂದಣಿ. ಅರ್ಜಿ ದುಬೈಯಲ್ಲಾದರೆ ಅಲ್ಲಿಯ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎಗೆ, ಅಬುಧಾಬಿಯಲ್ಲಾದರೆ ಒಕ್ಕೂಟ ಸರ್ಕಾರದ ವಲಸೆ ಪ್ರಾಧಿಕಾರವಾದ ಐಸಿಪಿಗೆ ಹೋಗುತ್ತದೆ.

ತೊಡಕು ಬರುವುದು ಮದುವೆ ಸರ್ಟಿಫಿಕೇಟಿನಲ್ಲಿ. ಭಾರತ 2005ರಲ್ಲೇ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದರೂ ಯುಎಇ ವಿಚಾರದಲ್ಲಿ ಆ ಒಂದೇ ಮೊಹರಿನ ಸೌಲಭ್ಯ ಕೆಲಸಕ್ಕೆ ಬಂದಿಲ್ಲ. ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ, ಹೀಗೆ ಒಂದರ ಮೇಲೊಂದು ಅಟೆಸ್ಟೇಶನ್. ಅದರ ಮೇಲೆ ಅರಬ್ಬಿ ಅನುವಾದ. ಪುತ್ತೂರಿನವನ ಕಾಗದ ಬೆಂಗಳೂರಿನ ದಾರಿ ಹಿಡಿದರೆ, ಗಡಿಯಾಚೆ ಮಂಜೇಶ್ವರದ ಕನ್ನಡಿಗನ ಪಂಚಾಯತ್ ಸರ್ಟಿಫಿಕೇಟು ಕೇರಳದ ಅನಿವಾಸಿಗಳ ಇಲಾಖೆಯಾದ ನೋರ್ಕಾದ ದಾರಿ ಹಿಡಿಯುತ್ತದೆ. ದೇವಸ್ಥಾನದ ರಸೀದಿ, ಇಗರ್ಜಿಯ ಪುಸ್ತಕದ ನಕಲು, ಜಮಾಅತಿನ ನಿಕಾಹ್ ಪತ್ರ ಇವೆಲ್ಲ ಸರ್ಕಾರಿ ನೋಂದಣಿಗೆ ಆಧಾರವಾಗುತ್ತವೆಯೇ ಹೊರತು ನೋಂದಣಿಯ ಜಾಗದಲ್ಲಿ ನಿಲ್ಲುವುದಿಲ್ಲ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ ಇದ್ದು ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್ ಇದ್ದರೆ, ಒಳ್ಳೆಯ ಕಸುಬುದಾರ ಅದನ್ನು ಮೊದಲ ದಿನವೇ ಕಂಡು ಊರಿಗೆ ವಾಪಸು ಕಳಿಸಿ ತಿದ್ದಿಸುತ್ತಾನೆ. ಮೂರು ಮೊಹರು ಬಿದ್ದ ಮೇಲೆ ತಿದ್ದುಪಡಿ ಎಂದರೆ ಮತ್ತೆ ಮೊದಲಿನಿಂದ ಶುರು.

ಇಷ್ಟನ್ನು ಯಾವ ಟೈಪಿಂಗ್ ಸೆಂಟರಿನವರೂ ಮಾಡಿಕೊಡುತ್ತಾರೆ. ನಿಜವಾದ ಕೈಚಳಕ ಬೇಕಾಗುವುದು ಸಂಸಾರ ದುಬೈ ಬಿಟ್ಟು ಗಂಡನ ದೇಶಕ್ಕೋ ಹೆಂಡತಿಯ ದೇಶಕ್ಕೋ ಹಿಂತಿರುಗುವಾಗ. ಅದರಲ್ಲೂ ಆ ದೇಶ ಬ್ರಿಟನ್ ಆಗಿದ್ದರೆ. ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಹುಡುಗನ ತಂದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ವೈದ್ಯರಾಗಿ ಹೋದ ಕನ್ನಡಿಗರು. ಹುಡುಗ ಅಲ್ಲೇ ಹುಟ್ಟಿ ಬೆಳೆದು, ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ದುಬೈಗೆ ಕೆಲಸಕ್ಕೆ ಬಂದವನು. ಹುಡುಗಿ ಶಿವಮೊಗ್ಗ ಕಡೆಯವಳು, ಭಾರತದ ಪಾಸ್‌ಪೋರ್ಟು, ಅಬುಧಾಬಿಯಲ್ಲಿ ಒಳ್ಳೆಯ ನೌಕರಿ. ಮದುವೆಯಾಗಿ ಕೆಲವು ವರ್ಷವಾದ ಮೇಲೆ, ವಯಸ್ಸಾದ ಅಪ್ಪ ಅಮ್ಮನ ಹತ್ತಿರ ಇರೋಣವೆಂದು ಇಬ್ಬರೂ ಇಂಗ್ಲೆಂಡಿಗೆ ಹೊರಡುತ್ತಾರೆ. ಅವನಿಗೆ ಅದು ಸ್ವಂತ ದೇಶ, ವಿಮಾನ ಹತ್ತಿದರಾಯಿತು. ಅವಳಿಗೆ ಪತಿಯ ಆದಾಯದ ಪುರಾವೆ ಕೊಟ್ಟು ವೀಸಾ ಪಡೆಯಬೇಕು.

ಬ್ರಿಟನ್ ಈ ನಿಯಮವನ್ನು 2012ರ ಜುಲೈಯಲ್ಲಿ ತಂದಾಗ ವರ್ಷಕ್ಕೆ 18,600 ಪೌಂಡ್ ಆದಾಯ ಕೇಳುತ್ತಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್. ಪೌಂಡಿಗೆ 4.80 ದಿರ್ಹಂ ಎಂದು ಲೆಕ್ಕ ಹಿಡಿದರೆ ತಿಂಗಳಿಗೆ 11,600 ದಿರ್ಹಂ ಆಯಿತು. ನಮ್ಮ ಹುಡುಗನ ಸಂಬಳ 15,000. ಬೇಕಾದ್ದಕ್ಕಿಂತ ಹೆಚ್ಚೇ ಇದೆ ಎಂದು ಅವನು ನೆಮ್ಮದಿಯಿಂದ ಬಂದು ಕೂರುತ್ತಾನೆ. ಕಸುಬುದಾರ ಸ್ಯಾಲರಿ ಸರ್ಟಿಫಿಕೇಟಿನ ಒಟ್ಟು ಮೊತ್ತದತ್ತ ನೋಡುವುದೇ ಇಲ್ಲ. ಬೆರಳು ನೇರ ಮೊದಲ ಸಾಲಿಗೆ ಹೋಗುತ್ತದೆ.

“ಇದರಲ್ಲಿ ಬೇಸಿಕ್ ಎಷ್ಟು ಮಾರಾಯ್ರೆ?”

“ಏಳೂವರೆ ಸಾವಿರ.”

“ಉಳಿದದ್ದು?”

“ಮನೆ ಬಾಡಿಗೆಗೆ ಐದು, ಓಡಾಟಕ್ಕೆ ಎರಡೂವರೆ.”

“ಹಾಗಾದರೆ ನಿಮ್ಮ ಸಂಬಳ ಏಳೂವರೆ ಸಾವಿರ ಅಂತ ಇಟ್ಟುಕೊಳ್ಳಿ.”

ಕೊಲ್ಲಿಯಲ್ಲಿ ಬಹಳಷ್ಟು ಕಂಪನಿಗಳು ಬೇಸಿಕ್ ಕಡಿಮೆ ಇಟ್ಟು ಭತ್ಯೆ ಜಾಸ್ತಿ ತೋರಿಸುತ್ತವೆ. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಯಿಟಿಯ ಲೆಕ್ಕ ಬೇಸಿಕ್ ಮೇಲೆ; ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲವೇತನ. ಬೇಸಿಕ್ ತಗ್ಗಿದರೆ ಆ ಹೊರೆಯೂ ತಗ್ಗುತ್ತದೆ. ಇತ್ತ ಬ್ರಿಟನ್ನಿನ ನಿಯಮ ಮನೆ, ಪ್ರಯಾಣ, ಪರದೇಶದ ಖರ್ಚುವೆಚ್ಚದ ಭತ್ಯೆಗಳನ್ನು ಆದಾಯವೆಂದು ಒಪ್ಪುವುದಿಲ್ಲ. ದುಬೈಯ ಒಂದು ರೂಢಿ, ಲಂಡನ್ನಿನ ಒಂದು ಕಲಮು, ಇವೆರಡರ ನಡುವೆ ಸಿಕ್ಕಿದ ಸಂಬಳ ಅರ್ಧಕ್ಕಿಳಿಯಿತು. ತಿಂಗಳಿಗೆ 7,500 ಎಂದರೆ ವರ್ಷಕ್ಕೆ 90,000 ದಿರ್ಹಂ, ಅಂದರೆ 18,750 ಪೌಂಡ್. 10,250 ಪೌಂಡ್ ಕೊರತೆ. ಇದನ್ನು ಅರ್ಜಿ ಹಾಕುವ ವರ್ಷ ಮೊದಲೇ ಕಂಡುಹಿಡಿದರೆ ದಾರಿಗಳಿವೆ. ಅರ್ಜಿ ತಿರಸ್ಕಾರವಾಗಿ ಬಂದ ಪತ್ರದಲ್ಲಿ ಓದಿದರೆ ಶುಲ್ಕವೂ ಹೋಯಿತು, ಕಾಲವೂ ಹೋಯಿತು.

ಇನ್ನು ತಾಳೆ ನೋಡುವ ಕೆಲಸ. ಆರು ತಿಂಗಳ ಪೇ ಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ. ಸ್ಲಿಪ್ಪಿನಲ್ಲಿರುವ ಮೊತ್ತ ಬ್ಯಾಂಕಿನಲ್ಲಿ ಜಮಾ ಆಗಿರಬೇಕು, ಪತ್ರದಲ್ಲಿ ಹೇಳಿದ ಸಂಬಳ ಇವೆರಡಕ್ಕೂ ಹೊಂದಬೇಕು. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ತಾಳೆ ಸಲೀಸಾಗಬೇಕು. ಆದರೂ ಒಂದು ತಿಂಗಳು ರಜೆ ಸಂಬಳ ಮುಂಗಡವಾಗಿ ಬಂದಿರುತ್ತದೆ, ಇನ್ನೊಂದು ತಿಂಗಳು ಕಂಪನಿಯಿಂದ ಪಡೆದ ಸಾಲದ ಕಂತು ಕಡಿತವಾಗಿರುತ್ತದೆ. ಬಲ್ಲವರು ಸ್ಟೇಟ್‌ಮೆಂಟಿನ ಮೇಲೆ ಸ್ಕೇಲು ಇಟ್ಟು ಸಾಲು ಸಾಲು ಇಳಿಯುತ್ತಾರೆ. ಸಂಬಳದ ಸಾಲಿಗೆ ಪೆನ್ಸಿಲ್ ಗುರುತು, ಪಕ್ಕದಲ್ಲಿ ಸ್ಲಿಪ್ಪಿನ ತಿಂಗಳು. ಐನೂರು ದಿರ್ಹಂ ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲುತ್ತಾರೆ. ಎಚ್‌ಆರ್‌ನಿಂದ ಅದಕ್ಕೊಂದು ವಿವರಣೆ ಬರೆಸುವವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಅದೇ ಕಂಪನಿಯಲ್ಲಿ ಆರು ತಿಂಗಳು ದುಡಿದವರಿಗೆ ಲೆಕ್ಕಕ್ಕೆ ಬರುವುದು ಆ ಅವಧಿಯ ಸರಾಸರಿ ಸಂಬಳವಲ್ಲ, ಅತಿ ಕಡಿಮೆಯಾಗಿದ್ದ ಸಂಬಳ. ನಾಲ್ಕನೇ ತಿಂಗಳಲ್ಲಿ ಬಡ್ತಿ ಸಿಕ್ಕವನು ಇನ್ನೂ ಸ್ವಲ್ಪ ಕಾಯುವುದು ಮೇಲು. ಜೊತೆಗೆ, ಕೊನೆಯ ಸ್ಟೇಟ್‌ಮೆಂಟು ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು.

ಪರದೇಶದಲ್ಲಿ ದುಡಿಯುತ್ತಿರುವ ಗಂಡನಿಗೆ ಇಲ್ಲಿಯ ಸಂಬಳ ಒಂದೇ ಸಾಲದು. ಬ್ರಿಟನ್ನಿಗೆ ಮರಳಿದ ಮೂರು ತಿಂಗಳೊಳಗೆ ಶುರುವಾಗುವ ಕೆಲಸದ ಖಚಿತ ಆಫರ್ ಪತ್ರವೂ ಬೇಕು. ಇನ್ನೊಂದು ಮಾತು ಕೇಳಿದರೆ ಯಾರಿಗೂ ಬೇಸರವಾಗುತ್ತದೆ: ಹೆಂಡತಿ ಅಬುಧಾಬಿಯಲ್ಲಿ ಗಂಡನ ಎರಡರಷ್ಟು ದುಡಿಯುತ್ತಿದ್ದರೂ, ಹೊರಗಿನಿಂದ ಅರ್ಜಿ ಹಾಕುವಾಗ ಅವಳ ಸಂಬಳ ಲೆಕ್ಕಕ್ಕಿಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. ನಾಳೆ ಆ ಮನೆಯನ್ನು ನಡೆಸುವವಳೂ ಅವಳೇ ತಾನೆ? ಈ ಆದಾಯದ ಮಿತಿಯ ವಿರುದ್ಧದ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಮಿತಿ ಇಡುವುದು ತಾತ್ವಿಕವಾಗಿ ಸರಿಯೆಂಬ ತೀರ್ಪು ಬಂತು.

ಆದರೆ ಅವಳ ಉಳಿತಾಯ ಲೆಕ್ಕಕ್ಕೆ ಬರುತ್ತದೆ. ಕಸುಬಿನ ಸೊಗಸು ಪೂರ್ತಿ ತೆರೆದುಕೊಳ್ಳುವುದು ಇಲ್ಲಿ. ಸೂತ್ರ ಹೀಗಿದೆ: ಆದಾಯದಲ್ಲಿ ಎಷ್ಟು ಕೊರತೆಯೋ ಅದರ ಎರಡೂವರೆ ಪಟ್ಟು, ಅದಕ್ಕೆ 16,000 ಪೌಂಡ್ ಸೇರಿಸಿ. 16,000 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದವರಿಗೆ ಅಲ್ಲಿ ಬಡತನದ ಸರ್ಕಾರಿ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ, ಆದ್ದರಿಂದ ಅಷ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂವರೆ ಎಂದರೆ ಮೊದಲ ಹಂತದ ಎರಡೂವರೆ ವರ್ಷ. ನಮ್ಮ ಜೋಡಿಯ ಕೊರತೆ 10,250. ಎರಡೂವರೆ ಪಟ್ಟು 25,625. ಒಟ್ಟು 41,625 ಪೌಂಡ್, ಸುಮಾರು ಎರಡು ಲಕ್ಷ ದಿರ್ಹಂ. ಆದಾಯವೇ ಇಲ್ಲದೆ ಬರೀ ಉಳಿತಾಯದಲ್ಲಿ ದಾಟಬೇಕೆಂದರೆ 88,500 ಪೌಂಡ್ ಬೇಕು.

ಆ ಹಣ ಆರು ತಿಂಗಳು ಒಂದೇ ಸಮ ಖಾತೆಯಲ್ಲಿ ಇದ್ದಿರಬೇಕು. ದುಬೈಯಲ್ಲಿ ಮನೆ ಬಾಡಿಗೆ ತಿಂಗಳು ತಿಂಗಳು ಕೊಡುವುದು ಕಡಿಮೆ. ವರ್ಷಕ್ಕೆ ಎರಡೋ ನಾಲ್ಕೋ ಚೆಕ್ಕು ಮುಂದಿನ ತಾರೀಖು ಹಾಕಿ ಮೊದಲೇ ಕೊಟ್ಟಿರುತ್ತಾರೆ. ಉಳಿತಾಯ ಇಟ್ಟ ಖಾತೆಯಿಂದಲೇ ಆ ಚೆಕ್ಕು ಪಾಸಾದರೆ ಒಂದು ದಿನದ ಮಟ್ಟಿಗೆ ಬ್ಯಾಲೆನ್ಸು ಕೆಳಗಿಳಿಯುತ್ತದೆ. ಮರುದಿನ ತುಂಬಿದರೂ ಉಪಯೋಗವಿಲ್ಲ, ಆರು ತಿಂಗಳ ಎಣಿಕೆ ಮತ್ತೆ ಒಂದರಿಂದ ಶುರು. ಹಾಗಾಗಿ ಅನುಭವಸ್ಥರು ಮೊದಲು ಕೇಳುವ ಪ್ರಶ್ನೆ ಎಷ್ಟು ಹಣವಿದೆ ಎಂದಲ್ಲ, ಬಾಡಿಗೆ ಚೆಕ್ಕು ಯಾವ ಬ್ಯಾಂಕಿನದು ಎಂದು. ಉಳಿತಾಯಕ್ಕೆ ಬೇರೆ ಖಾತೆ ತೆರೆಸಿ, ಅದಕ್ಕೆ ಚೆಕ್ ಪುಸ್ತಕವನ್ನೇ ತೆಗೆದುಕೊಳ್ಳಬೇಡಿ ಎನ್ನುತ್ತಾರೆ.

ನಮ್ಮವರ ಉಳಿತಾಯದ ರೀತಿಯನ್ನು ಬಲ್ಲವರಿಗೆ ಇನ್ನೂ ಹಲವು ಪ್ರಶ್ನೆಗಳು ಹೊಳೆಯುತ್ತವೆ. ಊರಿನ ಎಫ್‌ಡಿ ಯಾರ ಹೆಸರಲ್ಲಿದೆ? ಅವಧಿಗೆ ಮುಂಚೆ ಮುರಿಸಲು ಬರುವ ಎಫ್‌ಡಿ ನಡೆಯುತ್ತದೆ, ದಂಡ ಬಿದ್ದರೂ ಚಿಂತೆಯಿಲ್ಲ. ಆದರೆ ಖಾತೆ ಗಂಡನ ಹೆಸರಲ್ಲೋ ಹೆಂಡತಿಯ ಹೆಸರಲ್ಲೋ ಇಬ್ಬರ ಜಂಟಿ ಹೆಸರಲ್ಲೋ ಇರಬೇಕು. ಅಮ್ಮನ ಹೆಸರನ್ನೂ ಜಂಟಿಯಾಗಿ ಸೇರಿಸುವುದು ನಮ್ಮಲ್ಲಿ ವಾಡಿಕೆ. ಅದನ್ನು ಮೊದಲೇ ಬೇರ್ಪಡಿಸಬೇಕು. ಅಪ್ಪ ಕೊಟ್ಟ ಹಣ ಉಡುಗೊರೆಯಾದರೆ ಸರಿ, ಸಾಲವಾದರೆ ಇಲ್ಲ. ಉಡುಗೊರೆಯೂ ಖಾತೆಯಲ್ಲಿ ಆರು ತಿಂಗಳು ಕಳೆಯಬೇಕು. ಚೀಟಿ ಎತ್ತಿದ ದುಡ್ಡಿಗೆ ಮೂಲ ಹೇಳಬೇಕು. ಚಿನ್ನ ಎಷ್ಟಿದ್ದರೂ ಅದು ನಗದಲ್ಲ. ಆದರೆ ಭೂಮಿ, ಮನೆಗಳಿಗೆ ಒಂದು ವಿನಾಯಿತಿ ಇದೆ. ತನ್ನ ಹೆಸರಿಗಿದ್ದ ಅಡಿಕೆ ತೋಟವನ್ನೋ ಮನೆಯನ್ನೋ ಈ ಆರು ತಿಂಗಳೊಳಗೆ ಮಾರಿದ್ದರೆ, ಅವಧಿಯ ಶುರುವಿನಲ್ಲಿ ಅದು ತನ್ನದೇ ಆಗಿತ್ತೆಂದು ಕ್ರಯಪತ್ರ, ಪಹಣಿ ಕೊಟ್ಟು ತೋರಿಸಿದರೆ, ಮಾರಿದ ಹಣ ಆರು ತಿಂಗಳು ಕಾಯಬೇಕಿಲ್ಲ. ಪಾಲಾಗದ ಆಸ್ತಿಯಾದರೆ ತೊಡಕು. ಕನ್ನಡದ ಪಹಣಿಗೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು.

ಸಂಬಳ ಏರಿಸಿ ಬರೆದ ಪತ್ರ, ನಾಲ್ಕು ದಿನಕ್ಕೆಂದು ಗೆಳೆಯನಿಂದ ಖಾತೆಗೆ ಹಾಕಿಸಿಕೊಂಡ ದುಡ್ಡು, ಇಂಥವನ್ನು ಕಸುಬಿನ ಮರ್ಯಾದೆ ಬಲ್ಲವರು ಮುಟ್ಟುವುದಿಲ್ಲ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ಹೋಗುವುದಲ್ಲದೆ ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಹುದು. ಕಡಿಮೆ ಬಿದ್ದರೆ ಕಡಿಮೆ ಬಿದ್ದಿದೆ ಎಂದು ಹೇಳಿ, ಎಂಟು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸುವುದಕ್ಕೆ ಧೈರ್ಯ ಬೇಕು. ಎದುರಿಗೆ ಕೂತ ಗಿರಾಕಿ ಕೋಪಿಸಿಕೊಂಡು ಪಕ್ಕದ ಅಂಗಡಿಗೆ ಹೋಗಬಹುದು.

ಇಂಥದೇ ಇನ್ನೊಂದು ಸಂಸಾರ ಕರ್ನಾಟಕಕ್ಕೆ ಮರಳುವುದಾದರೆ ಕಥೆಯೇ ಬೇರೆ. ದುಬೈಯಲ್ಲಿ ಫಿಲಿಪ್ಪೀನ್ಸಿನ ನರ್ಸನ್ನೋ ಯುರೋಪಿನ ಸಹೋದ್ಯೋಗಿಯನ್ನೋ ಮದುವೆಯಾದ ಕನ್ನಡಿಗನನ್ನು ಭಾರತ ಇಂಥ ಆದಾಯದ ಮಿತಿಯಿಂದ ಅಳೆಯುವುದಿಲ್ಲ. ಪತ್ನಿಗೆ ಎಂಟ್ರಿ ವೀಸಾ, ಮದುವೆ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿದ್ದರೆ ಸಾಗರೋತ್ತರ ಭಾರತೀಯ ನಾಗರಿಕರೆಂಬ ಒಸಿಐ ಕಾರ್ಡಿಗೆ ಅರ್ಜಿ. ಅಲ್ಲಿ ನೋಡುವುದು ಮದುವೆಯನ್ನು, ಸಂಬಳವನ್ನಲ್ಲ. ನೋಂದಣಿಯ ತಾರೀಖೇ ಮುಖ್ಯವಾದ್ದರಿಂದ, ಮದುವೆಯಾದ ಕೂಡಲೇ ನೋಂದಾಯಿಸಿದವರಿಗೆ ಆ ಎರಡು ವರ್ಷ ಬೇಗ ತುಂಬುತ್ತದೆ.

ಬ್ರಿಟನ್ನಿನ ಫೈಲಿನಲ್ಲಿ ಕೊನೆಗೆ ಉಳಿಯುವುದು ಯಾವುದರ ಹಿಂದೆ ಯಾವುದು ಎಂಬ ಕ್ರಮ. ಆರು ತಿಂಗಳ ಲೆಕ್ಕದಲ್ಲಿ ಹಾಕುವ ಅರ್ಜಿಗೆ ಆ ದಿನ ಗಂಡ ಇದೇ ಕೆಲಸದಲ್ಲಿರಬೇಕು, ಆದ್ದರಿಂದ ಮೊದಲೇ ರಾಜೀನಾಮೆ ಕೊಡುವಂತಿಲ್ಲ. ಇಲ್ಲಿಯ ಕಾನೂನಿನಂತೆ ನೋಟಿಸ್ ಅವಧಿ 30ರಿಂದ 90 ದಿನ. ಅಲ್ಲಿಯ ಹೊಸ ಕೆಲಸ ಮರಳಿದ ಮೂರು ತಿಂಗಳೊಳಗೆ ಶುರುವಾಗಬೇಕು. ಅರ್ಜಿ ಹಾಕುವ ದಿನ ಸ್ಟೇಟ್‌ಮೆಂಟಿನ 28 ದಿನದ ಗಡುವನ್ನು ಮರೆಯಬಾರದು; ಬೆರಳಚ್ಚು ಕೊಡಲು ವಾಫಿ ಮಾಲಿನಲ್ಲಿರುವ ವೀಸಾ ಅರ್ಜಿಗಳ ವಿಎಫ್‌ಎಸ್ ಕಚೇರಿಗೆ ಹೋಗುವುದು ಆಮೇಲೆ. ವೀಸಾ ಕೈಗೆ ಬಂದ ಮೇಲೆ ರಾಜೀನಾಮೆ. ಹೆಂಡತಿ ಗಂಡನ ವೀಸಾದ ಮೇಲಿದ್ದರೆ ಮೊದಲು ಅವಳದು ರದ್ದು, ಆಮೇಲೆ ಅವನದು. ಕಾರ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಇದ್ದವರ ಖಾತೆಯನ್ನು ಅಂತಿಮ ಲೆಕ್ಕದ ಹಣ ಬಂದೊಡನೆ ಬ್ಯಾಂಕು ತಡೆಹಿಡಿಯಬಹುದು; ಆ ಸಾಲವನ್ನು ಅದಕ್ಕೂ ಮೊದಲು ತೀರಿಸಿ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳಬೇಕು. ಒಳ್ಳೆಯ ಕಸುಬುದಾರರು ಬಾಡಿಗೆ ಮನೆಯ ಕರಾರು ಮುಗಿಯುವ ತಿಂಗಳಿಗೆ ಇದೆಲ್ಲವನ್ನೂ ಹೊಂದಿಸಿ, ಒಂದು ಹಾಳೆಯಲ್ಲಿ ತಾರೀಖುಗಳನ್ನು ಕೊನೆಯಿಂದ ಹಿಂದಕ್ಕೆ ಬರೆದು, ಅದನ್ನು ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿ ಗಂಡ ಹೆಂಡತಿ ಇಬ್ಬರ ಕೈಗೂ ಒಂದೊಂದು ಪ್ರತಿ ಕೊಡುತ್ತಾರೆ.