ಹೀರೋ ಗಾಡಿ ಜಾರೋದಿಲ್ಲ… ನಮ್ಮದು?

‘777 ಚಾರ್ಲಿ’ (2022) ನೋಡಿ ಹೊರಬಂದಾಗ ನನಗೂ ಗಾಡಿ ಹುಚ್ಚು ಹತ್ತಿತು. ರಕ್ಷಿತ್ ಶೆಟ್ಟಿ ನಾಯೀನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮ ತೋರಿಸೋಕೆ ಹೊರಟರೆ ಯಾರಿಗೆ ತಾನೇ ಕಾಲು ನಿಲ್ಲುತ್ತೆ ಹೇಳಿ? ಹಿಮಾಲಯಕ್ಕೆ ಜೇಬು ಒಪ್ಪಲಿಲ್ಲ. ಮರುವರ್ಷ ಜುಲೈನಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಾಟಿಗೆ ಹೊರಟೆ.

ಹಿಂದಿನ ಟೈರು ಬೋಳಾಗಿತ್ತು. ಹೊರಡುವ ಮುನ್ನಾದಿನ ಒಂದು ಅಂಗಡಿಯಲ್ಲಿ ‘ಫ್ರೆಶ್ ಸ್ಟಾಕ್’ ಅಂತ ಅಗ್ಗಕ್ಕೆ ಹಾಕಿಸಿದೆ. ದಾರಿಯಲ್ಲಿ ಗಾಳಿ ಹಿಡಿಯೋ ಹುಡುಗ, “ಲಾಂಗ್ ಹೋಗ್ತಿದೀರಾ ಅಣ್ಣಾ, ಗಟ್ಟಿಯಾಗಿರಲಿ” ಅಂತ 45 ಪೌಂಡು ತುಂಬಿದ. ನಾನೂ ಖುಷಿಯಾಗಿ ತಲೆಯಾಡಿಸಿದೆ!

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದೆವು. ಜಿಟಿಜಿಟಿ ಮಳೆ. ಮೂರನೇ ತಿರುವೋ ನಾಲ್ಕನೆಯದೋ… ಹಿಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟಂತೆ ಹಾರಿಹೋಯಿತು. ನನಗೆ ಮೊಣಕಾಲು ತರಚಿತು, ಅಷ್ಟೆ. ಗೆಳೆಯನ ಕೊರಳೆಲುಬು ಮುರಿದಿತ್ತು.

ಉಜಿರೆಗೆ ಬಂದು ಟೈರಿನ ಪಕ್ಕವನ್ನು ಒರೆಸಿ ನೋಡಿದೆ. ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ: 1118. ಅಂದರೆ 2018ರ ಹನ್ನೊಂದನೇ ವಾರದ ಮಾಲು! ಐದು ವರ್ಷ ಅಂಗಡಿ ಮುಂದೆ ಬಿಸಿಲಿಗೆ ನೇತಾಡಿದ ರಬ್ಬರು ಗಟ್ಟಿಯಾಗದೆ ಇನ್ನೇನಾದೀತು? ಮೇಲೆ ಗೆರೆಗಳು ಹೊಸದಾಗಿದ್ದರೆ ಸಾಲದು ಸ್ವಾಮಿ, ಒಳಗೆ ಜೀವ ಇರಬೇಕು. ಹೊಸ ಟೈರಿಗೂ ಮೊದಲ ನೂರು ನೂರೈವತ್ತು ಕಿಲೋಮೀಟರು ಹಿಡಿತ ಕಡಿಮೆ. ಅದು ನನಗೆ ಆಮೇಲೆ ಗೊತ್ತಾದದ್ದು.

ಇನ್ನು ಗಾಳಿ. ನನ್ನ ಗಾಡಿಗೆ ಕಂಪೆನಿ ಹೇಳೋದು ಹಿಂದೆ ಒಬ್ಬನಿದ್ದರೆ 32, ಇಬ್ಬರಿದ್ದರೆ 36. ನಿಮ್ಮ ಗಾಡಿಯದು ಬೇರೆ ಇದ್ದೀತು, ಚೈನ್ ಕವರಿನ ಹತ್ತಿರದ ಚೀಟಿಯಲ್ಲೋ ಪುಸ್ತಕದಲ್ಲೋ ಹುಡುಕಿ. ಟೈರಿನ ಮೇಲೇ ಬರೆದಿರೋ ದೊಡ್ಡ ಅಂಕಿ ಅದರ ಗರಿಷ್ಠ ಮಿತಿ, ನೀವು ತುಂಬಬೇಕಾದದ್ದಲ್ಲ. ಗಾಳಿ ಹೆಚ್ಚಾದರೆ ಟೈರು ಉಬ್ಬಿ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತೆ, ಹಿಡಿತ ಹೋಗುತ್ತೆ. ಕಡಿಮೆಯಾದರೆ ಪಕ್ಕಗಳು ಮಡಚಿ ಮಡಚಿ ಕಾಯುತ್ತವೆ. ಲಗೇಜಿನ ಜೊತೆ ಅದು ಇನ್ನೂ ಅಪಾಯ. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಬೇಕು. ಓಡಿ ಬಿಸಿಯಾದ ಮೇಲೆ ಮೂರ್ನಾಲ್ಕು ಪೌಂಡು ಏರಿರುತ್ತೆ, ಹೆಚ್ಚಾಯ್ತು ಅಂತ ಬಿಡಬೇಡಿ. ಬಂಕಿನ ಮೀಟರುಗಳನ್ನು ನಾನು ಈಗ ನಂಬೋದಿಲ್ಲ. ಜೇಬಿನಲ್ಲಿ ನನ್ನದೇ ಗೇಜ್ ಇದೆ.

ಟೈರು ಕೊಳ್ಳುವಾಗ ಅಂಕಿಗಳನ್ನು ಓದಿ. ನನ್ನದು 120/80-18 62ಪಿ. 120 ಮಿಲಿಮೀಟರು ಅಗಲ, ಅದರ ನೂರಕ್ಕೆ 80 ಎತ್ತರ, 18 ಇಂಚು ರಿಮ್ಮು. 62 ಅಂದರೆ 265 ಕಿಲೋ ತಡೆಯುತ್ತೆ, ‘ಪಿ’ ಅಂದರೆ ಗಂಟೆಗೆ 150 ಕಿಲೋಮೀಟರು. ಸಿನಿಮಾ ಗಾಡಿ ಥರ ಕಾಣಲಿ ಅಂತ ದಪ್ಪ ಟೈರು ತುರುಕಬೇಡಿ, ಗಾಡಿ ತಿರುವಿನಲ್ಲಿ ಮೊಂಡು ಹಿಡಿಯುತ್ತೆ. ಮಣ್ಣಿನ ರಸ್ತೆಯ ಬಟನ್ ಟೈರೂ ಡಾಂಬರಿನ ಮಳೆಗೆ ಸರಿಯಲ್ಲ. ಕಡ್ಡಿ ಚಕ್ರದವರು ಟೈರಿನ ಜೊತೆ ಟ್ಯೂಬನ್ನೂ ಬದಲಿಸಿ.

ಗೆಳೆಯ ಈಗ ಚೆನ್ನಾಗಿದ್ದಾನೆ. ಮೊನ್ನೆ ಜೋಗಕ್ಕೆ ಕರೆದೆ. ಬರ್ತೀನಿ ಅಂದವನು ಗಾಡಿ ಹತ್ತೋ ಮೊದಲು ಬಗ್ಗಿ ಆ ನಾಲ್ಕು ಅಂಕಿ ಓದಿದ.