ಕಾಡುದಾರಿಯ ನೆಳಲು

ಬೇಸಗೆಯ ನಡುಹಗಲಿನಲ್ಲಿ ಇಂಗ್ಲೆಂಡಿನ ಕಾಡೊಂದರ ಕಾಲುದಾರಿಯನ್ನು ಹಿಡಿದು ನಡೆಯುವವನ ಕಣ್ಣಿಗೆ ಮೊದಲು ಬೀಳುವುದು, ಎಲೆಗಳ ಸಂದಿನಿಂದ ಸೋರಿ ನೆಲದ ಮೇಲೆ ಚೆಲ್ಲಿದ ಬಿಸಿಲಿನ ತುಣುಕುಗಳು. ನಮಗೆ ಅವು ಬರಿಯ ಚೆಲುವು. ಸ್ಪೆಕಲ್ಡ್ ವುಡ್ ಎಂಬ ಕಂದುಬಣ್ಣದ ಚಿಟ್ಟೆಗಾದರೋ ಅವೇ ಆಸ್ತಿ. ಗಂಡುಚಿಟ್ಟೆಯು ಅಂಥದೊಂದು ತುಣುಕನ್ನು ತನ್ನದಾಗಿಸಿಕೊಂಡು ಹೆಣ್ಣಿನ ಬರವನ್ನು ಕಾದಿರುತ್ತದೆ. ಮತ್ತೊಂದು ಗಂಡು ಒಳಹೊಕ್ಕರೆ ಎರಡೂ ಸುರುಳಿಸುರುಳಿಯಾಗಿ ಮೇಲೇರುತ್ತವೆ, ಕೆಲವೇ ಕ್ಷಣಗಳಲ್ಲಿ ಬಂದದ್ದು ಹಿಮ್ಮೆಟ್ಟುತ್ತದೆ. ಆಕ್ಸ್‌ಫರ್ಡಿನ ಬಳಿಯ ವೈಟಮ್ ಕಾಡಿನಲ್ಲಿ ಈ ವ್ಯವಹಾರವನ್ನು ತಾಳ್ಮೆಯಿಂದ ಪರಿಶೀಲಿಸಿದ ಎನ್. ಬಿ. ಡೇವಿಸ್ ಅವರು, ಮೊದಲು ಬಂದು ನೆಲಸಿದ ಚಿಟ್ಟೆಗೇ ಜಯವೆಂಬುದನ್ನು 1978ರಲ್ಲಿ ಪ್ರಕಟಿಸಿದರು. ಹೊತ್ತು ಏರಿದಂತೆ ಬಿಸಿಲು ಜರುಗುತ್ತದೆ. ಅದರ ಬೆನ್ನಿಗೆ ಚಿಟ್ಟೆಯೂ ಜರುಗುತ್ತದೆ.

ಇದರ ಕಾರಣ ಸರಳವಾದದ್ದು. ಚಿಟ್ಟೆಯ ಮೈಗೆ ನಮ್ಮ ಮೈಯಂತೆ ಸ್ಥಿರವಾದ ಒಳಶಾಖವಿಲ್ಲ. ರೆಕ್ಕೆಯ ಸ್ನಾಯುಗಳು ಕಾದಲ್ಲದೆ ಅದು ಹಾರಲಾರದು. ಅಷ್ಟೇ ಅಲ್ಲ, ಎಲ್ಲಿ ಯಾವ ಗಿಡ ಬೆಳೆಯಬೇಕೆಂಬುದನ್ನೂ ಬಹುಮಟ್ಟಿಗೆ ನೆಳಲೇ ನಿರ್ಣಯಿಸುತ್ತದೆ. ಬಿಸಿಲು ಬಿದ್ದ ಅಂಚಿನಲ್ಲಿ ಹುಲ್ಲೂ ಹೂಗಿಡವೂ ಬೆಳೆದು ದುಂಬಿಗಳನ್ನು ಕರೆದರೆ, ನೆಳಲು ಕವಿದ ಎಡೆಯಲ್ಲಿ ತೇವವಾರದ ತರಗೆಲೆಯೂ ಕೊಳೆಯುವ ದಿಮ್ಮಿಯೂ ಜೀರುಂಡೆಗಳ ಮರಿಹುಳುಗಳನ್ನು ಸಾಕುತ್ತವೆ.

ಕೆಂಟ್ ಪ್ರಾಂತದ ಬ್ಲೀನ್ ಕಾಡಿನ ಹೀತ್ ಫ್ರಿಟಿಲರಿ ಎಂಬ ಚಿಟ್ಟೆಯ ಕಥೆ ಇದಕ್ಕೆ ಉಜ್ಜ್ವಲ ನಿದರ್ಶನ. ಅಲ್ಲಿಯವರು ಚೆಸ್ಟ್‌ನಟ್ ಮೊದಲಾದ ಮರಗಳನ್ನು ಬುಡದವರೆಗೆ ಕಡಿದು, ಕೂಳೆ ಚಿಗುರಲು ಬಿಟ್ಟು, ಕೆಲವು ವರ್ಷಗಳ ಮೇಲೆ ಪುನಃ ಕಡಿಯುತ್ತಿದ್ದರು. ಹೀಗೆ ಬಯಲಾದ ನೆಲದಲ್ಲಿ ಕೌವೀಟ್ ಎಂಬ ಸಣ್ಣ ಗಿಡ ಹಬ್ಬುವುದು. ಆ ಗಿಡವೇ ಅಲ್ಲಿ ಈ ಚಿಟ್ಟೆಯ ಕಂಬಳಿಹುಳುವಿನ ಆಹಾರ. ಕೊಡಲಿ ಹೋದಲ್ಲಿಗೆ ಚಿಟ್ಟೆಯೂ ಹೋಗುತ್ತಿದ್ದುದರಿಂದ ಜನರು ಅದನ್ನು ಮರಕಡುಕನ ಹಿಂಬಾಲಕನೆಂದೇ ಕರೆದರು. ಇಪ್ಪತ್ತನೆಯ ಶತಮಾನದಲ್ಲಿ ಆ ಕಸುಬು ಕುಂದಿ, ಕೊಂಬೆಗೆ ಕೊಂಬೆ ಕೂಡಿ, ದಾರಿಗಳು ಕತ್ತಲುಗಟ್ಟಿದುವು. ಹಸುರು ಹೆಚ್ಚಿತೆಂದು ನೋಡುವವರು ಹಿಗ್ಗುವ ಕಾಲದಲ್ಲಿಯೇ ಆ ಚಿಟ್ಟೆ ಇಂಗ್ಲೆಂಡಿನಲ್ಲಿ ಅಳಿವಿನ ಅಂಚಿಗೆ ಬಂದಿತ್ತು.

ಹಾಗೆಂದು ನೆಳಲನ್ನು ಹಗೆಯೆಂದು ಬಗೆಯುವುದು ಅನ್ಯಾಯ. ಒಂದನ್ನು ಅಳಿಸಹೊರಟ ಆ ನೆಳಲೇ ಇನ್ನೊಂದನ್ನು ಬೆಳೆಸಿತು. ವೈಟ್ ಅಡ್ಮಿರಲ್ ಎಂಬ ಚಿಟ್ಟೆ ಮೊಟ್ಟೆಯಿಡುವುದು ಅರೆನೆಳಲಿನಲ್ಲಿ ಜೋಲುವ ಬಡಕಲು ಹನಿಸಕಲ್ ಬಳ್ಳಿಯ ಎಲೆಯ ಮೇಲೆ. ಕಾಡುಗಳು ದಟ್ಟವಾದಂತೆ ಅದು ಹೊಸ ಎಡೆಗಳಿಗೆ ಹರಡಿತು.

ಆದುದರಿಂದ ದಾರಿಯ ಜೀವವೈವಿಧ್ಯವೆಂಬುದು ಬಿಸಿಲಿನ ವರವೂ ಅಲ್ಲ, ನೆಳಲಿನ ವರವೂ ಅಲ್ಲ. ಅವೆರಡರ ಹದವಾದ ಬೆರಕೆಯ ಫಲ. ದಾರಿಯ ಕೆಲವೆಡೆಗಳನ್ನು ಇಕ್ಕೆಲದ ಮರಗಳ ಎತ್ತರದಷ್ಟು ಅಗಲವಾಗಿಸಿ, ಅಂಚಿನ ಪೊದೆಗಳನ್ನು ಒಮ್ಮೆಗೇ ಸವರದೆ ಸರದಿಯಂತೆ ಸವರಿ, ಉಳಿದೆಡೆಗಳಲ್ಲಿ ಕೊಂಬೆಗಳು ಕೂಡಿಕೊಳ್ಳಲು ಬಿಡುವುದೇ ಈಗ ಅಲ್ಲಿಯ ವನಪಾಲಕರು ಅನುಸರಿಸುವ ಕ್ರಮ. ಕಡಿಯಬಲ್ಲ ಕೈ ಎಲ್ಲಿ ತಡೆಯಬೇಕೆಂಬುದನ್ನೂ ಬಲ್ಲುದಾದರೆ, ಬ್ಲೀನ್ ಕಾಡಿನ ಆ ಹಿಂಬಾಲಕನಿಗೆ ಹಿಂಬಾಲಿಸಲು ಒಬ್ಬ ಮರಕಡುಕನು ಇದ್ದೇ ಇರುತ್ತಾನೆ.